ಗೊತ್ತಿರೋರೇ, ಏನೂ ಆಗಲ್ಲ

ಹಣ ಕಳೆದುಕೊಂಡವರನ್ನು ಮಾತಾಡಿಸಿ ನೋಡಿ. ಅಪರಿಚಿತನಿಗೆ ಕೊಟ್ಟು ಕಳೆದುಕೊಂಡೆ ಅನ್ನುವವರು ಅಪರೂಪ. ‘ಗೊತ್ತಿರೋರೇ, ಏನೂ ಆಗಲ್ಲ’ ಎಂದು ಯಾರೋ ಹೇಳಿದ್ದನ್ನು ನಂಬಿ ಕೊಟ್ಟವರೇ ಹೆಚ್ಚು.

ಬೀದಿಯ ಚೀಟಿಯನ್ನೇ ತೆಗೆದುಕೊಳ್ಳಿ. 20 ಜನ, ತಿಂಗಳಿಗೆ 5,000 ರೂಪಾಯಿ, ಒಟ್ಟು 1 ಲಕ್ಷದ ಚೀಟಿ. ಮಗಳ ಮದುವೆಯೋ ಆಸ್ಪತ್ರೆ ಖರ್ಚೋ ಬಂದವರು ಹದಿನೈದೋ ಇಪ್ಪತ್ತೋ ಸಾವಿರ ಬಿಟ್ಟು ಕೂಗಿ ಚೀಟಿ ಎತ್ತುತ್ತಾರೆ. ಬಿಟ್ಟ ಹಣದಲ್ಲಿ ನಡೆಸುವವರ ಕಮಿಷನ್ ಕಳೆದು ಉಳಿದದ್ದು ಎಲ್ಲರಿಗೂ ಹಂಚಿಕೆಯಾಗುತ್ತದೆ. ಹೂ ಮಾರುವಾಕೆ, ಆಟೋ ಓಡಿಸುವಾತ, ಗಾರ್ಮೆಂಟ್ಸ್‌ಗೆ ಹೋಗುವ ಹುಡುಗಿ, ಇವರೆಲ್ಲ ಬ್ಯಾಂಕಿನ ಮೆಟ್ಟಿಲು ಹತ್ತದೆ ಇಡಿಗಂಟು ಕಂಡದ್ದು ಚೀಟಿಯಿಂದಲೇ. ಹಾಗಾಗಿ ಚೀಟಿಯನ್ನು ಹೀಗಳೆಯುವವರ ಜೊತೆ ನಾನು ಸೇರುವುದಿಲ್ಲ.

ಆದರೆ ಮೊದಲೇ ಎತ್ತಿದವರು ಕಂತು ನಿಲ್ಲಿಸಿದರೆ? ನಡೆಸುವವರೇ ಆ ಹಣವನ್ನು ಸೈಟಿಗೋ ಮಗನ ವ್ಯಾಪಾರಕ್ಕೋ ಹಾಕಿಬಿಟ್ಟರೆ? 1982ರ ಚಿಟ್ ಫಂಡ್ ಕಾಯ್ದೆ ಇದಕ್ಕೆ ದಾರಿ ಮಾಡಿದೆ. ಚೀಟಿ ನೋಂದಣಿಯಾಗಬೇಕು, ಶುರುವಾಗುವ ಮೊದಲೇ ನಡೆಸುವವರು ಚೀಟಿಯ ಮೊತ್ತಕ್ಕೆ ಸಮನಾದ ಭದ್ರತೆ ಇಡಬೇಕು. 2019ರ ತಿದ್ದುಪಡಿಯ ನಂತರ ಕಮಿಷನ್ 7%ಗಿಂತ ಹೆಚ್ಚಿರುವಂತಿಲ್ಲ. ಬೀದಿಯ ಚೀಟಿಗೆ ಇರುವುದು ಗೆರೆ ಹಾಕಿದ ಒಂದು ನೋಟ್‌ಬುಕ್. ರಸೀದಿ ಕೇಳಿದರೆ, ‘ಯಾಕಕ್ಕಾ, ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ?’ ಅನ್ನುತ್ತಾರೆ. ಆ ಒಂದು ಪ್ರಶ್ನೆಗೆ ನಾವು ಬಾಯಿ ಮುಚ್ಚಿಕೊಳ್ಳುತ್ತೇವೆ. ದಾಕ್ಷಿಣ್ಯ ನಮ್ಮ ಜನರ ದೊಡ್ಡ ಗುಣ, ನಿಜ. ದುಡ್ಡು ಹೋಗುವುದೂ ಅದೇ ಬಾಗಿಲಿನಿಂದ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಇದು ಇಂದಿನ ಕಥೆಯೂ ಅಲ್ಲ, ನಮ್ಮೊಬ್ಬರ ಕಥೆಯೂ ಅಲ್ಲ. 1920ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಚಾರ್ಲ್ಸ್ ಪಾಂಜಿ 45 ದಿನಕ್ಕೆ 50% ಲಾಭ ಕೊಡುತ್ತೇನೆಂದು ಹಣ ಎತ್ತಿದ. ಹೊಸಬರ ಹಣವನ್ನೇ ಹಳಬರಿಗೆ ಲಾಭವೆಂದು ಕೊಟ್ಟ. ಅವನು ಇಟಲಿಯಿಂದ ವಲಸೆ ಬಂದವನು. ಅವನನ್ನು ನಂಬಿದವರಲ್ಲಿ ಅವನ ಹಾಗೆಯೇ ಇಟಲಿ ಬಿಟ್ಟು ಬಂದು ಕೂಲಿ ಮಾಡುತ್ತಿದ್ದವರು ಬಹಳ ಮಂದಿ. ನಮ್ಮೋನು ಅನ್ನುವ ಭಾವನೆ ಅಲ್ಲೂ ಇತ್ತು. ಬೆಂಗಳೂರಿನ ಶಿವಾಜಿನಗರದಲ್ಲಿ 2019ರ ಜೂನ್‌ನಲ್ಲಿ, ಲಾಭ ಕೊಡುತ್ತೇವೆಂದು ಹಣ ಎತ್ತಿ ಕೈಯೆತ್ತಿದ ಐಎಂಎ ಕಂಪನಿಯ ಕಚೇರಿ ಮುಂದೆ ಸಾಲುಗಟ್ಟಿದವರಲ್ಲೂ ಅದೇ ಇತ್ತು. ಬಡ್ಡಿ ಮುಟ್ಟಬಾರದೆಂಬ ಶ್ರದ್ಧೆಯಿಂದ, ಇದು ಪಾಲುದಾರಿಕೆಯ ಲಾಭ ಎಂಬ ಮಾತನ್ನು ನಂಬಿ ಒಡವೆ ಮಾರಿ ಹಣ ಕಟ್ಟಿದ ತಾಯಂದಿರನ್ನು ದುರಾಸೆಯವರೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಬಸವನಗುಡಿಯದು ಇನ್ನೂ ನೋವಿನ ಸಂಗತಿ. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಅಲ್ಲಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ನಿರ್ಬಂಧ ಹೇರಿತು. ಖಾತೆಯಿಂದ 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದಿತು. ಅಲ್ಲಿ ಹಣ ಇಟ್ಟವರು ಯಾವುದೋ ಮೋಸದ ಸ್ಕೀಮಿಗೆ ಬಿದ್ದವರಲ್ಲ, ಲೈಸೆನ್ಸ್ ಇರುವ ಬ್ಯಾಂಕಿಗೆ ಹೋದವರು. ಜೀವಮಾನವೆಲ್ಲ ಮೇಷ್ಟರಾಗಿ, ಗುಮಾಸ್ತರಾಗಿ ದುಡಿದು, ಪಿಎಫ್, ಗ್ರ್ಯಾಚುಟಿಯನ್ನು ತಂದಿಟ್ಟು, ತಿಂಗಳ ಬಡ್ಡಿಯಲ್ಲೇ ಮಾತ್ರೆ ಕೊಳ್ಳುತ್ತಿದ್ದವರು ಅವರಲ್ಲಿದ್ದರು. ಆಗ ಠೇವಣಿಗಿದ್ದ ವಿಮೆ ಬರೀ 1 ಲಕ್ಷ, 1993ರಿಂದ ಬದಲಾಗದೆ ಉಳಿದಿದ್ದ ಮೊತ್ತ. ಮರುತಿಂಗಳು, ಫೆಬ್ರವರಿ 4ರಿಂದ, ಅದು 5 ಲಕ್ಷವಾಯಿತು.

ಹಾಗಾದರೆ ಯಾರನ್ನೂ ನಂಬಬಾರದೇ? ಅಂಥ ಬದುಕು ನನಗಂತೂ ಬೇಡ. ಮನುಷ್ಯರನ್ನು ನಂಬೋಣ, ಹಣಕ್ಕೆ ಮಾತ್ರ ಕಾಗದ ಇರಲಿ. ತಮ್ಮನಿಗೆ ಕೊಟ್ಟ ಕೈಸಾಲಕ್ಕೂ ಒಂದು ಚೀಟಿ ಬರೆಸಿಕೊಂಡರೆ ನೆಂಟಸ್ತಿಕೆ ಉಳಿಯುತ್ತದೆ, ಬರೆಸಿಕೊಳ್ಳದೆ ಮಾತು ಬಿಟ್ಟ ಮನೆಗಳು ಪ್ರತಿ ಊರಲ್ಲೂ ಇವೆ. ಪ್ರಾಮಾಣಿಕರಿಗೆ ರಸೀದಿ ಕೊಡಲು ಕಷ್ಟವೇನಿಲ್ಲ. ‘ನಂಬಿಕೆ ಇಲ್ವಾ’ ಎಂದು ಮುಖ ಊದಿಸುವವರ ಕೈಗೆ ಹಣ ಕೊಡಬೇಡಿ.

ಮನೆಯಲ್ಲಿ ನಿವೃತ್ತರಾದ ಅಪ್ಪ, ಅಮ್ಮ ಇದ್ದರೆ ಅವರ ಠೇವಣಿ ಪತ್ರಗಳನ್ನು ಈ ಭಾನುವಾರವೇ ಒಟ್ಟಿಗೆ ಕೂತು ನೋಡಿ. 5 ಲಕ್ಷದ ವಿಮೆ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ, ಅಸಲು ಬಡ್ಡಿ ಸೇರಿ, ಎಲ್ಲ ಶಾಖೆಗಳೂ ಸೇರಿ ಲೆಕ್ಕ. ಅದನ್ನು ಮೀರಿದ್ದರೆ ಬೇರೆ ಬೇರೆ ಬ್ಯಾಂಕುಗಳಲ್ಲಿ ಹಂಚಿಡಿ. ಇನ್ನೊಂದು ಮಾತು ಅವರಿಗೆ ತಪ್ಪದೆ ಹೇಳಿ: ಬ್ಯಾಂಕಿನಂತೆಯೇ ಕೌಂಟರು, ಪಾಸ್‌ಬುಕ್ಕು ಇಟ್ಟುಕೊಂಡಿರುವ ಪತ್ತಿನ ಸಹಕಾರ ಸಂಘಗಳ, ಸೌಹಾರ್ದ ಸಹಕಾರಿಗಳ ಠೇವಣಿಗೆ ಈ ವಿಮೆ ಇಲ್ಲ.