ಒಮ್ಮೆ ಕೇಳ್ತಾರ, ಎರಡನೇ ಸಲ ಕೇಳಂಗಿಲ್ಲ

ರಾಣೇಬೆನ್ನೂರಿನ ನನ್ನ ತಂಗಿ ಮಗಳು ಮುಂದಿನ ತಿಂಗಳ ಓದಾಕ ಇಂಗ್ಲೆಂಡಿಗೆ ಹೊಂಟಾಳ. ಮೊದಲ ನಾಲ್ಕು ತಿಂಗಳು ಅಲ್ಲಿ ಒಬ್ಬ ಇಂಗ್ಲಿಷರ ಮನ್ಯಾಗ ಇರಾಕಿ. ತಂಗಿ ದಿನಕ್ಕ ಎರಡು ಸಲ ಫೋನ್ ಮಾಡ್ತಾಳ, "ಅಕ್ಕಾ, ಸ್ವೆಟರ್ ಎಷ್ಟ ಇಡ್ಲಿ? ಕುಕ್ಕರ್ ಕಟ್ಟಬೇಕೇನ?" ಅಂತ. ಮೂರು ವರ್ಷದ ಹಿಂದ ನನ್ನ ಮಗಳು ಶೆಫೀಲ್ಡಿನಾಗ ಹಂಗ ಒಬ್ಬ ಅಜ್ಜಿ ಮನ್ಯಾಗ ಇದ್ದು ಓದ್ಯಾಳ, ಅದಕ್ಕ ನನ್ನ ಕೇಳ್ತಾಳ. ನಾ ಅಂದೆ, ಸ್ವೆಟರ್ ಅಲ್ಲೂ ಸಿಗತಾವ ಬಿಡು, ಹುಡುಗಿಗೆ ಮೊದ್ಲ ಬಾಯಿಬಿಟ್ಟು ಕೇಳೂದ ಕಲಸು.

ನಮ್ಮ ಕಡೆ ಉಪಚಾರ ಹೆಂಗಂತ ನಿಮಗೆಲ್ಲ ಗೊತ್ತ ಐತಿ. ಬೀಗರ ಮನಿಗೆ ಹೋದ್ರ ಮೊದಲನೇ ಸಲ "ಬ್ಯಾಡ್ರಿ" ಅನ್ನಬೇಕು, ಎರಡನೇ ಸಲ "ಸಾಕ್ರೀ" ಅನ್ನಬೇಕು, ಮೂರನೇ ಸಲ ಅವರು ಕೈ ಅಡ್ಡ ಸರಿಸಿ ಹಾಕೇ ಬಿಡಬೇಕು. ಮೊದಲನೇ ಮಾತಿಗೇ "ಹಾಕ್ರಿ" ಅಂದವರಿಗೆ ಹಸಿಗೆಟ್ಟವರು ಅಂತೀವಿ. ನನ್ನ ಮಗಳಿಗೂ ಹಂಗ ಕಲಿಸಿ ಬೆಳಸಿದೆ ನಾ.

ನಾನೂ ಇನ್ನೊಬ್ಬರ ಮನ್ಯಾಗ ಇದ್ದ ಓದಿದಾಕಿನ. ನನ್ನ ತವರುಮನಿ ಬ್ಯಾಡಗಿ ತಾಲೂಕಿನ ಹಳ್ಳಿ. ಪಿಯುಸಿ ಓದಾಕ ಎರಡು ವರ್ಷ ರಾಣೇಬೆನ್ನೂರಾಗ ಅತ್ತಿ ಮನ್ಯಾಗ ಇದ್ದೆ. ಆಗ ಹಾವೇರಿ ಜಿಲ್ಲಾ ಇನ್ನೂ ಆಗಿರಲಿಲ್ಲ, ನಾವೆಲ್ಲ ಧಾರವಾಡ ಜಿಲ್ಲೆಯವರ. ರೊಕ್ಕದ ಮಾತ ಇರಲಿಲ್ಲ. ಸುಗ್ಗಿ ಆದ ಮ್ಯಾಲೆ ಅಪ್ಪ ಒಂದು ಚೀಲ ಜೋಳ, ಒಂದು ಗಂಟು ಮೆಣಸಿನಕಾಯಿ ತಂದ ಇಳಿಸಿ ಹೋಗ್ತಿದ್ದ. ನಾ ಹೊಟ್ಟಿ ಹಸಿದಿದ್ರೂ "ಸಾಕ ಅತ್ತಿ" ಅಂತಿದ್ದೆ. ಅಕಿ "ಸುಳ್ಳ ಹೇಳಬ್ಯಾಡ, ತಿನ್ನು" ಅಂತ ಬೈಕೋತ ಇನ್ನೊಂದು ರೊಟ್ಟಿ ಒಗೀತಿದ್ಲು. ಆ ಬೈಗುಳ ಇಲ್ಲದಿದ್ರ ಎರಡು ವರ್ಷ ಅರೆಹೊಟ್ಟಿಲೆ ಇರ್ತಿದ್ದೆ ಅನ್ನೂದು ನನಗ ತಿಳಿದದ್ದು ಮಗಳು ಹೋದ ಮ್ಯಾಲೆ.

ಆ ಅಜ್ಜಿ ಸಂಜಿ ಆರೂವರಿಗೆ ಊಟಕ್ಕ ಕರೀತಿದ್ಲಂತ. ಒಂದು ಸಲ ಬಡಿಸಿ "ವುಡ್ ಯು ಲೈಕ್ ಸಮ್ ಮೋರ್?" ಅಂತಿದ್ಲಂತ. ನಮ್ಮಾಕಿ "ನೋ, ಥ್ಯಾಂಕ್ಯೂ" ಅಂದು ಎರಡನೇ ಸಲ ಕೇಳ್ತಾಳ ಅಂತ ಕಾಯೂದು. ಅಷ್ಟರಾಗ ಅಜ್ಜಿ ಪಾತ್ರೆ ಎತ್ತಿ ಮುಚ್ಚಿ ಇಟ್ಟ ಬಿಡೂದು! ಇನ್ನ ಮುಂಜಾನಿತನಕ ಏನೂ ಇಲ್ಲ. ಹುಡುಗಿ ಮ್ಯಾಲೆ ಖೋಲಿಗೆ ಹೋಗಿ ಬಾಗಲ ಹಾಕ್ಕೊಂಡು ನಾ ಕಟ್ಟಿ ಕೊಟ್ಟ ಖಡಕ ರೊಟ್ಟಿ, ಗುರೆಳ್ಳ ಚಟ್ನಿ ಸಪ್ಪಳ ಆಗದಂಗ ತಿಂತಿದ್ಲಂತ. ಖಡಕ ರೊಟ್ಟಿ ಸಪ್ಪಳ ಆಗದಂಗ ತಿನ್ನೂದು ಹೆಂಗ ಅಂತ ನೀವ ವಿಚಾರ ಮಾಡ್ರಿ.

ಚಳಿಗಾಲದಾಗ ಅವರ ಗಡಿಯಾರ ನಮ್ಮದಕ್ಕಿಂತ ಐದೂವರೆ ತಾಸು ಹಿಂದ. ನಾ ಮುಂಜಾನೆ ಐದಕ್ಕ ಎದ್ದು ಫೋನ್ ಮಾಡಿದ್ರ ಅಲ್ಲಿ ರಾತ್ರಿ ಹನ್ನೊಂದೂವರೆ. "ಊಟ ಆತೇನವಾ?" ಅಂದ್ರ "ಆತವ್ವ" ಅಂತಿದ್ಲು. ಈ ಪ್ರಶ್ನೆ ನಾವು ಸುಮ್ಮನ ಕೇಳೂದಲ್ಲ. 2022ರ ಮಾರ್ಚ್ 1ಕ್ಕ ನಮ್ಮ ಚಳಗೇರಿ ಹುಡುಗ ಉಕ್ರೇನಿನ ಖಾರ್ಕಿವ್‌ದಾಗ ತಿನ್ನೂ ಸಾಮಾನು ತರಾಕ ಹೊರಗ ಹೋದಾವ ಯುದ್ಧಕ್ಕ ಬಲಿಯಾದ. ಅವತ್ತಿಂದ ನಮ್ಮ ಜಿಲ್ಲೆಯೊಳಗ ಮಕ್ಕಳನ್ನ ಹೊರದೇಶಕ್ಕ ಕಳಿಸಿದ ಯಾವ ತಾಯಿಗೂ "ಊಟ ಆತೇನ" ಅಂದಾಗ ಎದಿ ಒಂದು ಸಲ ನಡಗತೈತಿ. ನನ್ನ ಮಗಳು "ಆತವ್ವ" ಅಂದಿದ್ದನ್ನ ನಂಬಿದೆ. ದೀಪಾವಳಿ ದಿನ ವಿಡಿಯೋದಾಗ ನೋಡಿದ್ರ ಗಲ್ಲ ಒಳಗ ಹೋಗಿದ್ವು. ಬೈದು ಕೇಳಿದಾಗ ಎಲ್ಲಾ ಹೇಳಿ ಅತ್ಲು.

ಅವತ್ತ ರಾತ್ರಿ ನನ್ನ ಮಾವನವರು ಗಾಂಧೀಜಿ ಆತ್ಮಕಥೆ ತೆಗೆದು ಓದಾಕ ಕೊಟ್ಟರು. 1888ರಾಗ ಗಾಂಧೀಜಿ ಲಂಡನ್ನಿಗೆ ಹೋದಾಗ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಮಾಂಸ ಮುಟ್ಟಂಗಿಲ್ಲ ಅಂತ ತಾಯಿಗೆ ಮಾತು ಕೊಟ್ಟಿದ್ದರು. ಇಂಗ್ಲಿಷರ ಮನ್ಯಾಗ ಎರಡು ಮೂರು ತುಂಡು ಬ್ರೆಡ್ಡಿಗಿಂತ ಹೆಚ್ಚಿಗೆ ಕೇಳಾಕ ನಾಚಿಕೊಂಡು ಹಸಿದು ಇರ್ತಿದ್ದರಂತ. ಮಗಳಿಗೆ ಅದನ್ನ ಫೋನಿನಾಗ ಓದಿ ಹೇಳಿದೆ. "ಅವರಿಗೇ ಹಂಗಾಗಿತ್ತಾ!" ಅಂತ ನಕ್ಕಳು. ಮರುದಿನ ಧೈರ್ಯ ಮಾಡಿ ಅಜ್ಜಿಗೆ ಹೇಳಿದ್ಲು, ನನಗ ಊಟ ಸಾಲ್ತಿಲ್ಲ, ನಮ್ಮ ಕಡೆ ಹಿಂಗಿಂಗ ಪದ್ಧತಿ ಐತಿ ಅಂತ.

ಅಜ್ಜಿ ಕಣ್ಣಾಗ ನೀರು ಬಂದ್ವಂತ. "ನನ್ನ ಅಡಗಿ ನಿನಗ ಸೇರಂಗಿಲ್ಲ ಅಂತ ತಿಳಕೊಂಡಿದ್ದೆ" ಅಂದ್ಲಂತ. ಪಾಪ, ಎರಡು ತಿಂಗಳಿಂದ ಅಕಿ ಕೆಳಗ ಕುಂತು ಬ್ಯಾಸರ ಮಾಡ್ಕೊಂಡಾಳ, ಇಕಿ ಮ್ಯಾಲೆ ಕುಂತು ರೊಟ್ಟಿ ಕಡದಾಳ.

ಅದಕ್ಕ ತಂಗಿ ಮಗಳಿಗೆ ಹೇಳೂ ಮೊದಲ ಮಾತು ಇದ. ಅವರು ಉಪಚಾರ ಇಲ್ಲದವರಲ್ಲ. ನೀ ಬ್ಯಾಡ ಅಂದ್ರ ಬ್ಯಾಡ ಅಂತ ನಂಬತಾರ, ಮತ್ತ ಒತ್ತಾಯ ಮಾಡೂದು ಅವರಿಗೆ ಮರ್ಯಾದಿ ಅನಸಂಗಿಲ್ಲ. ಬೇಕಾದ್ರ ಮೊದಲನೇ ಸಲಾನ "ಯೆಸ್ ಪ್ಲೀಸ್" ಅನ್ನು.

ಆದ್ರ ನಮಗೇನರ ತಪ್ಪು ಹೇಳೂದಿದ್ರ ಮಾತ್ರ ಅವರು ನೇರ ಹೇಳಂಗಿಲ್ಲ, ಅದೊಂದು ತಮಾಷಿ. ನಮ್ಮಾಕಿ ಮೊದಲನೇ ವಾರ ಜಳಕದ ಮನ್ಯಾಗ ಟಬ್ಬಿನ ಹೊರಗ ನಿಂತು ತಂಬಿಗಿಲೆ ನೀರು ಹಾಕ್ಕೊಂಡಾಳ. ಅಲ್ಲಿ ನೆಲದಾಗ ನೀರು ಹೋಗಾಕ ಮೋರಿ ಇರಂಗಿಲ್ಲ. ನೀರು ಇಳಿದು ಕೆಳಗಿನ ಊಟದ ಖೋಲಿ ಚಾವಣಿ ತೊಯ್ದೈತಿ. ಅಜ್ಜಿ ಅಂದದ್ದು ಏನು? "ಪರದೆ ಟಬ್ಬಿನ ಒಳಗ ಬಿಟ್ಟುಕೊಂಡ್ರ ನಿನಗ ಅನುಕೂಲ ಆಗಬಹುದೇನೋ." ನಮ್ಮ ಅತ್ತಿ ಆಗಿದ್ರ ಓಣಿಗೆಲ್ಲಾ ಕೇಳಿಸ್ತಿತ್ತು. "ಆಗಬಹುದೇನೋ" ಅಂತ ಅವರಂದ್ರ "ನಾಳಿಂದ ಹಂಗ ಮಾಡು" ಅಂತ ತಿಳಕೋಬೇಕು.

ಇನ್ನ ಕಟ್ಟೂ ಸಾಮಾನಿನ ವಿಚಾರ. ತುಪ್ಪ, ಧಾರವಾಡ ಪೇಡೆ ಒಯ್ಯಾಕ ಹೋಗಬ್ಯಾಡ್ರಿ. ಹಾಲಿನ ಪದಾರ್ಥ, ಮಾಂಸ ಎರಡನ್ನೂ ನಮ್ಮ ದೇಶದಿಂದ ಅಲ್ಲಿಗೆ ಒಯ್ಯಾಕ ಬಿಡಂಗಿಲ್ಲ. ಶೇಂಗಾ ಹಿಂಡಿ ಕಟ್ಟೂಕ್ಕಿಂತ ಮೊದ್ಲ ಆ ಮನ್ಯಾಗ ಯಾರಿಗಾದ್ರೂ ಶೇಂಗಾ ಅಲರ್ಜಿ ಐತೇನು ಅಂತ ಮೇಲ್ ಮಾಡಿ ಕೇಳ್ರಿ. ಇದನ್ನ ಹಗುರ ಮಾಡಬ್ಯಾಡ್ರಿ, ಕೆಲವರಿಗೆ ಅದು ಜೀವಕ್ಕ ಬರತೈತಿ. ಹಂಗ "ನಾವು ವೆಜಿಟೇರಿಯನ್" ಅಂದಷ್ಟಕ್ಕ ಬಿಟ್ರ ತತ್ತಿ ಬಡಸ್ತಾರ, ಅಲ್ಲಿ ತತ್ತಿ ವೆಜಿಟೇರಿಯನ್ ಲೆಕ್ಕಾನ. ತತ್ತಿನೂ ಬ್ಯಾಡ ಅಂತ ಬಿಡಿಸಿ ಹೇಳಬೇಕು. ಅಂಗಡಿ ಪಾಕೀಟಿನ ಮ್ಯಾಲೆ ತತ್ತಿ, ಹಾಲು, ಶೇಂಗಾ ಅಂಥಾವನ್ನ ಎದ್ದು ಕಾಣೂವಂಗ ಬರೀಬೇಕಂತ ಅಲ್ಲಿ ಕಾಯ್ದೆ ಐತಿ, ಓದಿ ತಗೋಬೇಕು.

ಕೊಡೂ ರೊಕ್ಕದಾಗ ಏನೇನು ಬರತೈತಿ ಅನ್ನೂದನ್ನ ಹೋಗೂಕ್ಕಿಂತ ಮೊದ್ಲ ಬರೆಸಿಕೊಳ್ರಿ. ಮಗಳಿಗೆ ಮುಂಜಾನೆ ನಾಷ್ಟಾ, ಸಂಜಿ ಊಟ ಅಷ್ಟ ಇತ್ತು, ಮಧ್ಯಾಹ್ನದ್ದು ತಂದ. ವೀಸಾ ಜೊತಿಗೇ ದವಾಖಾನಿ ರೊಕ್ಕಾನೂ ಕಟ್ಟಿಸಿಕೊಂಡಿರ್ತಾರ, ವಿದ್ಯಾರ್ಥಿಗೆ ವರ್ಷಕ್ಕ 776 ಪೌಂಡ್. ಅದಕ್ಕ ಹೋದ ವಾರಾನ ಓಣಿ ಡಾಕ್ಟರ ಕಡೆ ಹೆಸರು ಬರಸಬೇಕು, ಜ್ವರ ಬಂದ ಮ್ಯಾಲೆ ಓಡ್ಯಾಡೂದಲ್ಲ.

ಮೆಣಸಿನಪುಡಿ ಮಾತ್ರ ನಮ್ಮ ಬ್ಯಾಡಗೀದ ಒಯ್ಯಲಿ. ನಮ್ಮ ಬ್ಯಾಡಗಿ ಕಾಯಿಗೆ 2011ರಾಗ ಜಿಐ ಗುರುತು ಸಿಕ್ಕೈತಿ ಅಂತ ಹೆಮ್ಮಿಗೆ ಹೇಳೂದಲ್ಲ, ಬಣ್ಣ ಕೆಂಪಗ ಇದ್ರೂ ಖಾರ ಕಡಿಮಿ, ಅದಕ್ಕ. ಊಟದ ಮಾತಾದ ಮ್ಯಾಲೆ ಅಜ್ಜಿ ಶನಿವಾರ ಅಡಗಿಮನಿ ಮಗಳಿಗೆ ಬಿಟ್ಟುಕೊಟ್ಲು. ಇಕಿ ಎಣ್ಣಿ ಕಾಸಿ ಸಾಸಿವಿ, ಒಣ ಮೆಣಸಿನಕಾಯಿ ಹಾಕಿದ್ದೇ ತಡ, ಹೊಗಿ ಹೇಳೂ ಗಂಟಿ ಮನಿ ಹಾರಿಹೋಗೂವಂಗ ಕೂಗಾಕ ಹತ್ತಿತು! ಅಜ್ಜಿ ಟವೆಲ್ ಹಿಡಿದು ಗಾಳಿ ಬೀಸೂದು, ಇಕಿ ಕಿಡಕಿ ತೆಗಿಯೂದು. ಆಮ್ಯಾಲೆ ಸಾರಿನ ಬಣ್ಣ ನೋಡಿ ಅಜ್ಜಿ ಹೆದರಿದ್ಲಂತ. ಒಂದು ಚಮಚ ರುಚಿ ನೋಡಿ, ಮತ್ತೊಂದು ಚಮಚ ತಾನ ಹಾಕ್ಕೊಂಡ್ಲಂತ, ಯಾರೂ ಒತ್ತಾಯ ಮಾಡದ. ಮಗಳು ವಾಪಸ್ ಬರೂವಾಗ ಆ ಪುಡಿ ಡಬ್ಬಿ ಅಲ್ಲೇ ಬಿಟ್ಟ ಬಂದಾಳ.

ಮೊನ್ನೆ ಆಯಿತವಾರ ತಂಗಿ, ಅಕಿ ಮಗಳು ಹಾವೇರಿಗೆ ನಮ್ಮ ಮನಿಗೆ ಬಂದಿದ್ರು. ಬದನಿಕಾಯಿ ಎಣಗಾಯಿ ಮಾಡಿದ್ದೆ. ಹುಡುಗಿ ಎರಡು ರೊಟ್ಟಿ ತಿಂದಿದ್ಲು. "ಇನ್ನೊಂದು ಹಾಕ್ಲೇನು?" ಅಂದೆ. "ಸಾಕ ದೊಡ್ಡವ್ವ" ಅಂದ್ಲು. ನಾ ರೊಟ್ಟಿ ಬುಟ್ಟಿ ಎತ್ಕೊಂಡು ಒಳಗ ಇಟ್ಟು ಬಂದು ಸುಮ್ಮನ ಕುಂತೆ. ತಂಗಿ ನನ್ನ ಮಾರಿ ಮಾರಿ ನೋಡಿದ್ಲು, ಅಕ್ಕಗ ಏನಾತು ಅನ್ನೂವಂಗ. ನನಗೂ ಕೈ ತಡೀಲಿಲ್ಲ, ಖರೇ ಹೇಳ್ತೀನಿ, ಎದ್ದು ಹಾಕಿಬಿಡೂ ಹಂಗಾತು. ಆದ್ರೂ ಏಳಲಿಲ್ಲ.

ಹುಡುಗಿ ಸ್ವಲ್ಪ ಹೊತ್ತು ತಾಟು ನೋಡಿಕೋತ ಕುಂತು, ಆಮ್ಯಾಲೆ ಸಣ್ಣ ದನೀಲೆ "ದೊಡ್ಡವ್ವ, ಇನ್ನೊಂದು ರೊಟ್ಟಿ ಬೇಕು ನನಗ" ಅಂದ್ಲು.

ತಂದು ಹಾಕಿದೆ.

"ಎಣಗಾಯಿನೂ" ಅಂದ್ಲು.