ಟಿಪ್ಪುವಿನ ‘ಅಸಲಿ’ ಫೋಟೋ

ಶಿವಾಜಿನಗರದ ಬಸ್ ಸ್ಟ್ಯಾಂಡಿನಲ್ಲಿ ಕೂತವರ ಮೊಬೈಲಿಗೂ ಬರುತ್ತೆ, ಇಂದಿರಾನಗರದ ಅಪಾರ್ಟ್‌ಮೆಂಟ್ ಗ್ರೂಪಿಗೂ ಬರುತ್ತೆ: ಟಿಪ್ಪು ಸುಲ್ತಾನನ ಅಸಲಿ ಫೋಟೋ! ಟಿಪ್ಪು ಜಯಂತಿಯ ನವೆಂಬರ್ ಬಂತೆಂದರೆ ಇನ್ನೂ ಜೋರು. ಮೆಚ್ಚುವವರೂ ಫಾರ್ವರ್ಡ್ ಮಾಡ್ತಾರೆ, ಬೈಯುವವರೂ ಮಾಡ್ತಾರೆ. ಇದೊಂದರಲ್ಲಿ ಎಂಥಾ ಒಗ್ಗಟ್ಟು ನೋಡಿ.

ಟಿಪ್ಪು ಮಡಿದದ್ದು 1799ರ ಮೇ 4ರಂದು. ಪ್ಯಾರಿಸ್ಸಿನಲ್ಲಿ ಡಾಗೆರ್‌ನ ಫೋಟೋ ವಿದ್ಯೆ ಬಯಲಾದದ್ದು 1839ರಲ್ಲಿ. ನಡುವೆ ನಲವತ್ತು ವರ್ಷ! ಹೀಗೆ ಓಡಾಡಿದ ಚಿತ್ರಗಳಲ್ಲೊಂದು ಜಂಜಿಬಾರಿನ ಟಿಪ್ಪು ಟಿಪ್ ಎಂಬಾತನದು. ದಂತದ, ಗುಲಾಮರ ವ್ಯಾಪಾರಿ, ಸತ್ತದ್ದು 1905ರಲ್ಲಿ. ಹೆಸರು ಹತ್ತಿರ, ತಲೆಗೆ ಪೇಟ, ನಮ್ಮವರಿಗೆ ಅಷ್ಟು ಸಾಕಾಯ್ತು.

ಟಿಪ್ಪು ಬದುಕಿದ್ದಾಗಲೇ ಬರೆದ ಚಿತ್ರ ಇಲ್ಲದೇ ಇಲ್ಲ. 1792ರ ಸುಮಾರಿಗೆ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಜಿ.ಎಫ್. ಚೆರ್ರಿ ಬರೆದದ್ದಿದೆ: ತುಂಬಿದ ಕೆನ್ನೆ, ಸಣ್ಣ ಮೀಸೆ, ಗಡ್ಡ ಇಲ್ಲ. ಫಾರ್ವರ್ಡ್ ಆಗೋದು ಮಾತ್ರ ಗಡ್ಡದವನೇ.

ಕ್ಯಾಮೆರಾ ಮುಂದೆ ನಿಜಕ್ಕೂ ಕೂತವರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು. ಟಿಪ್ಪು ಸತ್ತು ಎರಡು ತಿಂಗಳು ತುಂಬುವ ಮೊದಲೇ ಪಟ್ಟವಾಯ್ತು, ಆಗಿನ್ನೂ ಐದು ತುಂಬದ ಮಗು. 1868ರವರೆಗೆ ಬದುಕಿದ್ದರಿಂದ ಫೋಟೋ ಕಾಲ ಅವರಿಗೆ ಸಿಕ್ಕಿತು. ಆ ಮುಪ್ಪಿನ ಫೋಟೋವನ್ನು ಯಾರೂ ನನಗೆ ಫಾರ್ವರ್ಡ್ ಮಾಡಿಲ್ಲ.

ಅಂದಹಾಗೆ, ಶ್ರೀರಂಗಪಟ್ಟಣದ ಹವೆ ಒಗ್ಗದೆ ಬ್ರಿಟಿಷ್ ಪಡೆ ಹಲಸೂರಿನ ಕಡೆ ಬಂದು ದಂಡು ಕಟ್ಟಿದ್ದು 1809ರಲ್ಲಿ. ಅಂದರೆ ನಮ್ಮ ಕಂಟೋನ್ಮೆಂಟೇ ಟಿಪ್ಪು ಹೋಗಿ ಹತ್ತು ವರ್ಷದ ಮೇಲಿನದು. ಅಲ್ಲಿ ಫೋಟೋ ಸ್ಟುಡಿಯೋಗಳು ಬಂದದ್ದು ಇನ್ನೂ ಎಷ್ಟೋ ತಡವಾಗಿ.