ಮನಸ್ಸು ಮಲಗದ ರಾತ್ರಿಗಳು

ನಿದ್ದೆ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತಿತ್ತು. ಮೈ ಬಗ್ಗಿಸಿ ದುಡಿಯಿರಿ, ತಾನಾಗಿಯೇ ಬರುತ್ತದೆ ಎಂದು ಉಪದೇಶ ಮಾಡುತ್ತಿದ್ದೆ. ನಮ್ಮ ಅಬ್ಬಾ ಗೋಕಾಕ ಫಾಲ್ಸಿನ ನೂಲಿನ ಗಿರಣಿಯಲ್ಲಿ ದುಡಿದವರು. ರಾತ್ರಿ ಪಾಳಿ ಮುಗಿಸಿ ಬಂದು, ರೊಟ್ಟಿ ತಿಂದು, ಗೋಡೆಗೆ ಮುಖ ಮಾಡಿ ಮಲಗಿದರೆಂದರೆ ಓಣಿಯ ಮಕ್ಕಳು ಎಷ್ಟು ಗದ್ದಲ ಮಾಡಿದರೂ ಝುಹ್ರ್‌ನ ಬಾಂಗಿನ ತನಕ ಅಲುಗುತ್ತಿರಲಿಲ್ಲ. ಅವರ ಮಗನಾದ ನನಗೂ ಆ ನಿದ್ದೆಯೇ ಬಂದಿದೆ ಎಂದು ನಂಬಿದ್ದೆ. ನಲ್ವತ್ತು ತುಂಬುವ ತನಕ ಆ ನಂಬಿಕೆ ಸುಳ್ಳಾಗಲಿಲ್ಲ.

2019ರ ಆಗಸ್ಟ್ ತಿಂಗಳಲ್ಲಿ ಅದು ಸುಳ್ಳಾಯಿತು. ಹಿಡಕಲ್ ಜಲಾಶಯದಿಂದ ಬಿಟ್ಟ ನೀರು, ಹಿರಣ್ಯಕೇಶಿಯ ನೀರು, ಮಾರ್ಕಂಡೇಯದ ನೀರು ಎಲ್ಲವೂ ಒಟ್ಟಾಗಿ ಘಟಪ್ರಭೆ ಗೋಕಾಕದೊಳಗೆ ನುಗ್ಗಿತು. ನಮ್ಮ ಮನೆ ನದಿಗೆ ಸಮೀಪದ ತಗ್ಗಿನಲ್ಲಿದೆ. ಸಂಜೆ ಓಣಿಯ ತುದಿಯಲ್ಲಿದ್ದ ನೀರು ಇಶಾ ಹೊತ್ತಿಗೆ ಹೊಸ್ತಿಲಿಗೆ ಬಂತು. ಮಕ್ಕಳನ್ನು, ಅಮ್ಮನನ್ನು, ಒಂದು ಟ್ರಂಕನ್ನು ಎತ್ತಿಕೊಂಡು ಹೊರಬಿದ್ದೆವು. ಕಿತಾಬುಗಳ ಕಪಾಟು, ಮಗಳ ಪಠ್ಯಪುಸ್ತಕ, ಜೋಳದ ಚೀಲ ಎಲ್ಲವೂ ಅಲ್ಲೇ ಉಳಿದವು. ಆಗಸ್ಟ್ 12ರ ಬಕ್ರೀದ್ ನಮಾಝನ್ನು ಪರಿಹಾರ ಕೇಂದ್ರದಲ್ಲಿ, ಬೇರೆಯವರು ಕೊಟ್ಟ ಬಟ್ಟೆಯುಟ್ಟು ಮಾಡಿದೆ. ನೀರು ಇಳಿದ ಮೇಲೆ ಮನೆ ಒಣಗುವ ತನಕ ಹುಕ್ಕೇರಿಯ ಆಪಾ ಮನೆಯಲ್ಲಿದ್ದೆವು.

ವಿಚಿತ್ರವೆಂದರೆ, ಆ ದಿನಗಳಲ್ಲಿ ನನಗೆ ನಿದ್ದೆ ಬರುತ್ತಿತ್ತು. ಅದು ಹೊರಟು ಹೋದದ್ದು ಎಲ್ಲ ಸರಿಯಾಯಿತು ಎಂದು ಜನ ಹೇಳತೊಡಗಿದ ಮೇಲೆ. ಕೆಸರು ಬಳಿದು, ಸುಣ್ಣ ಹೊಡೆದು, ಸ್ವಂತ ಮನೆಯಲ್ಲಿ ಮಲಗಿದ ಮೊದಲ ವಾರವೇ ರಾತ್ರಿ ಎರಡೂವರೆಗೆ ಎಚ್ಚರವಾಯಿತು. ಮರುದಿನವೂ ಅದೇ ಹೊತ್ತು. ಆಮೇಲೆ ಮಲಗುವಾಗಲೇ ಕಣ್ಣು ಮುಚ್ಚದಾಯಿತು. ಮೈ ದಣಿದಿರುತ್ತಿತ್ತು, ಆದರೆ ತಲೆಯೊಳಗೆ ಗಿರಣಿ ನಡೆಯುತ್ತಿತ್ತು. ಸಾಲದ ಕಂತು, ಗೋಡೆಯ ಬಿರುಕು, ಮಗಳ ಕಾಲೇಜು, ಅಮ್ಮನ ಮಂಡಿನೋವು, ಹತ್ತು ವರ್ಷದ ಹಿಂದೆ ಗೆಳೆಯನಿಗೆ ಆಡಿದ ಒಂದು ಕಟು ಮಾತು. ಒಂದು ಮುಗಿಯುವ ಮೊದಲೇ ಇನ್ನೊಂದು ಶುರುವಾಗುತ್ತಿತ್ತು. ನಡುನಡುವೆ ಗಡಿಯಾರ ನೋಡಿ ಲೆಕ್ಕ ಹಾಕುತ್ತಿದ್ದೆ: ಈಗ ನಿದ್ದೆ ಬಂದರೆ ನಾಲ್ಕು ತಾಸು, ಈಗ ಬಂದರೆ ಮೂರು ತಾಸು. ಆ ಲೆಕ್ಕವೇ ಉಳಿದ ನಿದ್ದೆಯನ್ನೂ ಓಡಿಸುತ್ತಿತ್ತು.

ನಾನು ಮದ್ರಸದಲ್ಲಿ ಕಲಿತವನು. ಆಮೇಲೆ ಬಿ.ಎ. ಮಾಡಿ ಮೂಡಲಗಿಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ಸಂಜೆ ಓಣಿಯ ಮಕ್ಕಳಿಗೆ ಕುರ್‌ಆನ್ ಓದಲು ಕಲಿಸುತ್ತೇನೆ. ಕಷ್ಟದಲ್ಲಿರುವವರು ನನ್ನ ಬಳಿ ಬಂದು ಕುಳಿತರೆ ಅಲ್ಲಾಹನ ಮೇಲೆ ಭರವಸೆ ಇಡಿ ಎನ್ನುತ್ತೇನೆ. ಅಂಥ ನನಗೇ ನಿದ್ದೆಯಿಲ್ಲವೆಂದು ಯಾರ ಬಳಿ ಹೇಳಲಿ? ಒಬ್ಬ ಹಿರಿಯರಲ್ಲಿ ಬಾಯಿಬಿಟ್ಟೆ. ಅವರು ಒಳ್ಳೆಯ ಮನಸ್ಸಿನಿಂದಲೇ, ‘ಈಮಾನ್ ಗಟ್ಟಿ ಮಾಡಿಕೊಳ್ಳಿ ಮೌಲಾನಾ’ ಎಂದರು. ಅಂದಿನಿಂದ ತಲೆಯೊಳಗಿನ ಚಿಂತೆಗಳ ಸಾಲಿಗೆ ಇನ್ನೊಂದು ಸೇರಿತು: ನನ್ನ ಈಮಾನೇ ದುರ್ಬಲವೇ? ಮಲಗುವ ಮುಂಚಿನ ದುಆಗಳನ್ನು ಓದುತ್ತಿದ್ದೆ, ಆದರೆ ಈಗ ನಿದ್ದೆ ಬಂತೇ, ಈಗ ಬಂತೇ ಎಂದು ಕಾಯುತ್ತಾ ಓದುತ್ತಿದ್ದೆ. ಬಾರದಿದ್ದಾಗ ನಾಚಿಕೆಯಾಗುತ್ತಿತ್ತು.

ಪರಿಚಯದವರೊಬ್ಬರು ತಮ್ಮ ನಿದ್ದೆ ಮಾತ್ರೆಯಲ್ಲಿ ಕೆಲವನ್ನು ಕೊಟ್ಟರು. ನುಂಗಿದೆ. ರಾತ್ರಿ ಕಳೆಯಿತು, ಆದರೆ ಬೆಳಗ್ಗೆ ಪಾಠ ಮಾಡುವಾಗ ನಾಲಿಗೆ ದಪ್ಪವಾದಂತಾಗುತ್ತಿತ್ತು. ಸಿಡುಕು ಹೆಚ್ಚಿತು. ಒಂದು ದಿನ ತರಗತಿಯಲ್ಲಿ ತೂಕಡಿಸುತ್ತಿದ್ದ ಹುಡುಗನನ್ನು ಎಲ್ಲರೆದುರು ನಿಲ್ಲಿಸಿ ಬೈದೆ. ಬಿಡುವಿನಲ್ಲಿ ಅವನ ಗೆಳೆಯ ಬಂದು, ‘ಸರ್, ಅವರ ಮನಿ ನದಿ ದಂಡಿಗೆ ಬಿದ್ದೈತ್ರಿ. ರಾತ್ರಿ ಅವ ಎದ್ದು ಕುಂತಿರತಾನ್ರಿ’ ಎಂದ. ನನಗೆ ಮಾತೇ ಹೊರಡಲಿಲ್ಲ. ನನ್ನ ಕಾಯಿಲೆಯೇ ಆ ಮಗುವಿಗೂ ಇತ್ತು. ಗುರುತಿಸಬೇಕಾದವನು ನಾನು, ಬೈದವನೂ ನಾನೇ.

ಆ ವಾರ ಕರದಂಟಿನ ಪೊಟ್ಟಣ ಹಿಡಿದುಕೊಂಡು ಹುಕ್ಕೇರಿಗೆ ಹೋದೆ. ಆಪಾ ನನ್ನ ಮುಖ ನೋಡಿದವಳೇ, ‘ಎಷ್ಟು ದಿನವಾಯಿತು ಬಾಬಾ ನೀನು ಮಲಗಿ?’ ಎಂದು ಕೇಳಿದಳು. ಐದು ತಿಂಗಳು ಎಂದೆ. ‘ಐದು ತಿಂಗಳು ಜ್ವರ ಬಂದಿದ್ದರೆ ಡಾಕ್ಟರ ಹತ್ತಿರ ಹೋಗುತ್ತಿದ್ದೆಯೋ, ಇಲ್ಲವೋ? ಜ್ವರ ಬಂದಾಗ ಈಮಾನ್ ಅಳೆಯುತ್ತೀಯಾ?’ ಎಂದಳು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ಅವಳು. ನನ್ನ ಕಿತಾಬುಗಳು ಹೇಳದ ಉತ್ತರವನ್ನು ಒಲೆಯ ಮುಂದೆ ಕುಳಿತು ಹೇಳಿದಳು.

ಅವಳೇ ಕರೆದುಕೊಂಡು ಹೋದ ವೈದ್ಯರು ಸಾವಧಾನವಾಗಿ ಕೇಳಿದರು. ಕೊರಕೆ ಇದೆಯೇ, ಥೈರಾಯ್ಡ್ ಪರೀಕ್ಷೆ ಆಗಿದೆಯೇ, ಜೀವನವೇ ಬೇಡವೆನಿಸುತ್ತದೆಯೇ ಎಂದೆಲ್ಲ ವಿಚಾರಿಸಿದರು. ವಾರದಲ್ಲಿ ಮೂರು ರಾತ್ರಿಯಾದರೂ ನಿದ್ದೆ ಕೆಡುತ್ತಾ ಮೂರು ತಿಂಗಳು ದಾಟಿದರೆ ಅದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತಾರೆಂದು ತಿಳಿಸಿದರು. ಕೊನೆಗೆ, ‘ಮಾಸ್ತರ, ಬಸ್ಸಿನ್ಯಾಗ ನಿದ್ದಿ ಬರ್ತದೇನ್ರಿ?’ ಎಂದರು. ನನಗೆ ನಗು ಬಂತು. ಗೋಕಾಕದಲ್ಲಿ ಬಸ್ ಹತ್ತಿ ಕುಳಿತರೆ ಲೋಳಸೂರ ಸೇತುವೆ ದಾಟುವುದರೊಳಗೆ ಕಣ್ಣು ಮುಚ್ಚುತ್ತಿತ್ತು. ಎಷ್ಟೋ ಸಲ ಕಂಡಕ್ಟರ್ ತಟ್ಟಿ, ‘ಮೂಡಲಗಿ ಬಂತ್ರಿ, ಏಳ್ರಿ’ ಎಂದದ್ದುಂಟು. ಅದನ್ನು ಹೇಳಿದೆ. ‘ಹಂಗಾರ ನಿಮ್ಮ ನಿದ್ದಿ ಕೆಟ್ಟಿಲ್ಲ. ನಿಮ್ಮ ಹಾಸಿಗಿ ಮ್ಯಾಲ ಭಯ ಬಂದು ಕುಂತೈತಿ. ಬಸ್ಸಿನ್ಯಾಗ ನೀವು ನಿದ್ದಿ ಮಾಡಬೇಕಂತ ಹಠ ಹಿಡಿಯಂಗಿಲ್ಲ, ಅದಕ್ಕ ಬರ್ತದ’ ಎಂದರು.

ಅವರ ಮಾತನ್ನು ಆಮೇಲೆ ಓದಿ ಅರ್ಥ ಮಾಡಿಕೊಂಡೆ. 1987ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡ್ಯಾನಿಯಲ್ ವೆಗ್ನರ್ ಮತ್ತು ಸಂಗಡಿಗರು ವಿದ್ಯಾರ್ಥಿಗಳಿಗೆ, ಐದು ನಿಮಿಷ ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ, ಯೋಚನೆ ಬಂದರೆ ಗಂಟೆ ಬಾರಿಸಿ ಎಂದರಂತೆ. ಗಂಟೆ ಮತ್ತೆ ಮತ್ತೆ ಬಾರಿಸಿತು. ಬೇಡವೆಂದ ಯೋಚನೆಯನ್ನು ಮನಸ್ಸು ಕಾವಲು ಕಾಯುತ್ತದೆ, ಕಾಯುವುದರಿಂದಲೇ ಅದು ಮತ್ತೆ ಬರುತ್ತದೆ. ಚಿಂತಿಸಬಾರದು, ಮಲಗಲೇಬೇಕು ಎಂದು ನಾನು ಐದು ತಿಂಗಳು ಮಾಡಿದ್ದೂ ಇದನ್ನೇ.

ವೈದ್ಯರು ಹೇಳಿದ್ದು ಕೆಲವೇ ಸಂಗತಿಗಳು. ಮೊದಲನೆಯದು, ಹಾಸಿಗೆ ಇರುವುದು ನಿದ್ದೆಗೆ. ಅಲ್ಲಿ ಮಕ್ಕಳ ಉತ್ತರ ಪತ್ರಿಕೆ ತಿದ್ದಬಾರದು, ಮೊಬೈಲ್ ನೋಡಬಾರದು, ಸಾಲದ ಲೆಕ್ಕ ಮಾಡಬಾರದು. ಮಲಗಿ ಇಪ್ಪತ್ತು ನಿಮಿಷವಾಯಿತು ಎನಿಸಿದರೂ ನಿದ್ದೆ ಬಾರದಿದ್ದರೆ ಎದ್ದು ಬೇರೆ ಕಡೆ, ಮಂದ ಬೆಳಕಿನಲ್ಲಿ ಕುಳಿತುಕೊಳ್ಳಬೇಕು. ಕಣ್ಣು ಎಳೆದಾಗ ಮಾತ್ರ ಮರಳಬೇಕು. ಎಷ್ಟು ಸಲವಾದರೂ ಸರಿ. ಗಡಿಯಾರವನ್ನು ಗೋಡೆಯತ್ತ ತಿರುಗಿಸಿಡಬೇಕು. ಈ ವಿಧಾನವನ್ನು ರಿಚರ್ಡ್ ಬೂಟ್ಜಿನ್ ಎಂಬವರು 1972ರಲ್ಲೇ ವಿವರಿಸಿದ್ದರು. ಹಾಸಿಗೆ ಎಂದರೆ ಹೊರಳಾಟ ಎಂದು ಕಲಿತ ದೇಹಕ್ಕೆ, ಹಾಸಿಗೆ ಎಂದರೆ ನಿದ್ದೆ ಎಂದು ಮತ್ತೆ ಕಲಿಸುವ ಪಾಠ ಅದು.

ಎರಡನೆಯದು, ಏಳುವ ಹೊತ್ತು ಬದಲಾಗಬಾರದು. ನಾನು ಫಜ್ರ್‌ಗೆ ಏಳುತ್ತಿದ್ದೆ, ಆದರೆ ನಮಾಝ್ ಮುಗಿಸಿ ಮತ್ತೆ ಮಲಗುತ್ತಿದ್ದೆ. ಭಾನುವಾರ ಹತ್ತು ಗಂಟೆಯಾಗುತ್ತಿತ್ತು. ರಾತ್ರಿಯ ನಷ್ಟವನ್ನು ಹಗಲು ತುಂಬಿಸಿಕೊಂಡರೆ ಮುಂದಿನ ರಾತ್ರಿಗೆ ಹಸಿವೇ ಇರುವುದಿಲ್ಲ. ಬಸ್ಸಿನ ನಿದ್ದೆಯೂ ನಿಲ್ಲಬೇಕೆಂದರು. ಇಡೀ ಒಂಬತ್ತು ತಾಸು ಹಾಸಿಗೆಯಲ್ಲಿದ್ದು ಐದು ತಾಸು ಮಲಗುವುದಕ್ಕಿಂತ, ಹನ್ನೊಂದಕ್ಕೆ ಮಲಗಿ ಐದಕ್ಕೆ ಎದ್ದುಬಿಡಿ ಎಂದರು. ಮೊದಲ ವಾರ ಅಳುವಷ್ಟು ಕಷ್ಟವಾಯಿತು. ಮೂರನೇ ವಾರದಲ್ಲಿ ಮಲಗಿದ ಕೂಡಲೇ ಕಣ್ಣು ಮುಚ್ಚಿತು. ಹೊತ್ತು ಕಡಿತ ಮಾಡುವ ಈ ಕ್ರಮ ಎಲ್ಲರಿಗೂ ಅಲ್ಲ. ವಾಹನ ಓಡಿಸುವವರು, ಮೂರ್ಛೆ ರೋಗ ಇರುವವರು ವೈದ್ಯರನ್ನು ಕೇಳದೆ ಮಾಡಬಾರದು.

ಮೂರನೆಯದು ಚಹಾ. ನಮ್ಮ ಕಡೆ ಯಾರ ಮನೆಗೆ ಹೋದರೂ ಚಹಾ ಬೇಡವೆನ್ನುವುದು ಕಷ್ಟ. ಆದರೆ ಅದರ ಕೆಫೀನ್ ಅರ್ಧದಷ್ಟು ಇಳಿಯಲೇ ಸುಮಾರು ಐದು ತಾಸು ಬೇಕು. ಅಸ್ರ್ ನಂತರದ ಮೂರು ಕಪ್ಪುಗಳನ್ನು ನಿಲ್ಲಿಸಿದೆ. ಮಾತ್ರೆಗಳನ್ನೂ ಅವರ ಸಲಹೆಯಂತೆ ಬಿಟ್ಟೆ. ಬಹುಕಾಲ ನುಂಗಿದವರು ಒಮ್ಮೆಲೇ ನಿಲ್ಲಿಸಬಾರದು, ವೈದ್ಯರು ಹೇಳಿದಂತೆ ಕಡಿಮೆ ಮಾಡುತ್ತಾ ಬರಬೇಕು. ಈ ಎಲ್ಲ ಕ್ರಮಗಳನ್ನು ಕೂಡಿಸಿದ ಚಿಕಿತ್ಸೆಯನ್ನು, ಮಾತ್ರೆಗಿಂತ ಮೊದಲು ಇದನ್ನೇ ಕೊಡಬೇಕೆಂದು ಅಮೆರಿಕದ ವೈದ್ಯರ ಕಾಲೇಜು 2016ರಲ್ಲಿ ಸೂಚಿಸಿದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಎಂಟಾಣೆ ಬೆಲೆಯಲ್ಲಿ ಮಕ್ಕಳು ಕೊಳ್ಳುತ್ತಿದ್ದಂಥ ತೆಳ್ಳನೆಯ ಒಂದು ನೋಟು ಪುಸ್ತಕ. ಮಗ್‌ರಿಬ್ ಆದ ಮೇಲೆ ಹತ್ತು ನಿಮಿಷ ಕುಳಿತು ತಲೆಯಲ್ಲಿರುವುದನ್ನೆಲ್ಲ ಬರೆಯುತ್ತೇನೆ. ಎಡಗಡೆ ಚಿಂತೆ, ಬಲಗಡೆ ನಾಳೆ ಮಾಡಬಹುದಾದ ಒಂದು ಕೆಲಸ. ಗೋಡೆಯ ಬಿರುಕು: ಗೌಂಡಿಗೆ ಫೋನು. ಸಾಲದ ಕಂತು: ಶನಿವಾರ ಸೊಸೈಟಿಗೆ ಹೋಗುವುದು. ಮುಂದಿನ ಮಳೆಗಾಲದ ನೆರೆ: ಮುಖ್ಯ ಕಾಗದಗಳನ್ನು ಆಪಾ ಮನೆಯಲ್ಲಿಡುವುದು. ಅದಕ್ಕಿಂತ ಹೆಚ್ಚಿನದು ನನ್ನ ಕೈಯಲ್ಲಿಲ್ಲ ಎಂದು ಅಲ್ಲೇ ಬರೆಯುತ್ತೇನೆ. ರಾತ್ರಿ ಅದೇ ಚಿಂತೆ ಬಂದರೆ, ನಿನ್ನನ್ನು ಬರೆದಿಟ್ಟಿದ್ದೇನೆ ಎನ್ನುತ್ತೇನೆ. ಬೇಲರ್ ವಿಶ್ವವಿದ್ಯಾಲಯದ ಮೈಕೇಲ್ ಸ್ಕಲ್ಲಿನ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮಲಗುವ ಮುನ್ನ ಐದು ನಿಮಿಷ ಮುಂದಿನ ಕೆಲಸಗಳನ್ನು ಬರೆದವರು, ಮುಗಿಸಿದ ಕೆಲಸಗಳನ್ನು ಬರೆದವರಿಗಿಂತ ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆ ಹೋದರು. ಒಂಬತ್ತು ನಿಮಿಷವೆಂದರೆ ಎಷ್ಟೆಂಬುದು ನಿದ್ದೆಯಿಲ್ಲದವನಿಗೆ ಗೊತ್ತು.

ಇನ್ನು ಆ ಹಿರಿಯರ ಮಾತು. ಅದಕ್ಕೆ ಉತ್ತರ ನಾನು ಓದಿದ ಕಿತಾಬುಗಳಲ್ಲೇ ಇತ್ತು, ನಾನೇ ಮರೆತಿದ್ದೆ. ಇಮಾಮ್ ಗಝಾಲಿಯವರು ಬಗ್ದಾದಿನ ನಿಝಾಮಿಯಾ ಮದ್ರಸದ ಹೆಸರಾಂತ ಗುರುಗಳಾಗಿದ್ದಾಗ, 1095ರಲ್ಲಿ, ಮನಸ್ಸಿನ ತಳಮಳದಿಂದ ಪಾಠ ಹೇಳಲು ನಾಲಿಗೆಯೇ ಏಳದಾಯಿತು, ಊಟ ಸೇರದಾಯಿತು. ಅದನ್ನು ಅವರು ಮುಚ್ಚಿಡದೆ ತಾವೇ ಬರೆದರು. ಅವರ ಈಮಾನನ್ನು ಯಾರು ಅಳೆಯುತ್ತಾರೆ? 934ರಲ್ಲಿ ತೀರಿಕೊಂಡ ಅಬೂ ಝೈದ್ ಅಲ್ ಬಲ್ಖಿಯವರು ದೇಹದ ಕಾಯಿಲೆಯಂತೆ ಮನಸ್ಸಿಗೂ ಕಾಯಿಲೆಯುಂಟು, ಎರಡಕ್ಕೂ ಆರೈಕೆ ಬೇಕು ಎಂದು ಗ್ರಂಥವನ್ನೇ ರಚಿಸಿದರು. ರಾತ್ರಿಯಿಡೀ ನಮಾಝ್‌ನಲ್ಲಿ ನಿಲ್ಲುತ್ತಿದ್ದ ಯುವ ಸಹಾಬಿಯನ್ನು ಪ್ರವಾದಿ(ಸ)ರು ತಡೆದು, ಶರೀರಕ್ಕೂ ಕಣ್ಣಿಗೂ ನಿನ್ನ ಮೇಲೆ ಹಕ್ಕಿದೆಯೆಂದು ತಿಳಿಸಿದ ಪ್ರಸಂಗವನ್ನು ನಾನೇ ಎಷ್ಟು ಸಲ ಪಾಠ ಮಾಡಿಲ್ಲ! ಇಶಾ ನಂತರದ ಹರಟೆಯನ್ನು ಅವರು ಇಷ್ಟಪಡುತ್ತಿರಲಿಲ್ಲ ಎಂಬುದನ್ನೂ ಕಲಿಸಿದ್ದೇನೆ. ಕಲಿಸಿ, ಮನೆಗೆ ಬಂದು ಹನ್ನೆರಡರ ತನಕ ಮೊಬೈಲ್ ನೋಡಿದ್ದೇನೆ.

ದುಆ ಈಗಲೂ ಓದುತ್ತೇನೆ. ನಿದ್ದೆಗೆ ಬೆಲೆಯಾಗಿ ಕೊಡುತ್ತಿದ್ದುದನ್ನು ಬಿಟ್ಟಿದ್ದೇನೆ, ಅಷ್ಟೇ. ಈಗ ಓದುವಾಗ ಅದರ ಅರ್ಥ ಮನಸ್ಸಿಗೆ ಇಳಿಯುತ್ತದೆ.

ಸಂಪೂರ್ಣ ಗುಣವಾಯಿತು ಎಂದರೆ ಸುಳ್ಳಾದೀತು. 2024ರ ಜುಲೈಯಲ್ಲಿ ಘಟಪ್ರಭೆ ಮತ್ತೆ ಉಕ್ಕಿ ಗೋಕಾಕದ ತಗ್ಗಿನ ಪ್ರದೇಶಗಳಿಗೆ ನೀರು ಬಂದಾಗ ಹಳೆಯ ಗಿರಣಿ ಮತ್ತೆ ಶುರುವಾಯಿತು. ಆದರೆ ಈ ಸಲ ಹೊರಳಾಡಲಿಲ್ಲ. ಎದ್ದು ಪಡಸಾಲೆಯ ಕುರ್ಚಿಯಲ್ಲಿ ಕುಳಿತೆ. ಮನೆಯಾಕೆಯೂ ಎದ್ದು ಬಂದು, ‘ನನಗೂ ನಿದ್ದೆಯಿಲ್ಲರೀ. ಆ ವರ್ಷದಿಂದಲೂ ಮಳೆ ಬಂದರೆ ಹೀಗೆಯೇ’ ಎಂದಳು. ಐದು ವರ್ಷ ಒಂದೇ ಕೋಣೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ನಿದ್ದೆ ನಟಿಸಿದ್ದೆವು. ಆ ರಾತ್ರಿ ಬಹಳ ಹೊತ್ತು ಮಾತಾಡಿದೆವು.

ಅದಕ್ಕಾಗಿಯೇ ಇದನ್ನು ಬರೆದೆ. ನಿಮ್ಮ ಮನೆಯಲ್ಲೂ ಯಾರಾದರೂ ಕತ್ತಲಲ್ಲಿ ಕಣ್ಣು ತೆರೆದು ಮಲಗಿರಬಹುದು. ಕೇಳಿ ನೋಡಿ. ತಿಂಗಳುಗಟ್ಟಲೆ ನಿದ್ದೆ ಕೆಟ್ಟಿದ್ದರೆ ವೈದ್ಯರಲ್ಲಿಗೆ ಹೋಗಿ. ಧಾರವಾಡದಲ್ಲಿ ಸರಕಾರದ ಮಾನಸಿಕ ಆರೋಗ್ಯ ಸಂಸ್ಥೆಯಿದೆ. ದೂರ ಹೋಗಲಾಗದವರು, ಬದುಕೇ ಬೇಡವೆನಿಸಿದವರು 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಹಗಲು ರಾತ್ರಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು.

ಆ ಹುಡುಗನ ಬಳಿ ಮರುದಿನವೇ ಕ್ಷಮೆ ಕೇಳಿದ್ದೆ. ಅವನು ತಲೆ ತಗ್ಗಿಸಿ, ‘ಇರ್ಲಿ ಬಿಡ್ರಿ ಸರ್’ ಎಂದ. ಈಗಲೂ ತರಗತಿಯಲ್ಲಿ ಮಕ್ಕಳು ತೂಕಡಿಸುತ್ತಾರೆ. ನಾನು ಹತ್ತಿರ ಹೋಗಿ ರಾತ್ರಿ ಎಷ್ಟು ಹೊತ್ತಿಗೆ ಮಲಗಿದೆ ಎಂದು ಮೆಲ್ಲಗೆ ಕೇಳುತ್ತೇನೆ. ಹೆಚ್ಚಿನವರು ಮೊಬೈಲ್ ನೋಡಿದವರು. ಒಬ್ಬಿಬ್ಬರು ಸುಮ್ಮನಿರುತ್ತಾರೆ. ಸುಮ್ಮನಿದ್ದವರನ್ನು ಬಿಡುವಿನಲ್ಲಿ ಕರೆದು ಕೂರಿಸಿಕೊಳ್ಳುತ್ತೇನೆ.